ಕೀಲಿ ರೈಲಿಗೆ ಕುಂಕುಮ

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ನಿಧಾನ. ಇದನ್ನು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆ. ನಾಲ್ಕು ತಿಂಗಳು ಸೊಂಟ ಮುರಿಯುವಂತೆ ಕೂತು ಕಟ್ಟಿದ ರೈಲನ್ನು ನಾನೇ ಕಟ್ಟಿದ್ದೆಂದು ಒಪ್ಪಲು ಮಾತ್ರ ಯಾರಿಗೂ ಬಾಯಿ ಬರಲಿಲ್ಲ.

ನನ್ನ ತವರು ಕಿರುಗಾವಲು. ಮಳವಳ್ಳಿ ತಾಲ್ಲೂಕಿನ ನಮಗೆಲ್ಲ ಬಸ್ಸೇ ಗತಿ, ರೈಲಿನ ಮುಖ ಕಂಡವರಲ್ಲ. ಮದುವೆಯಾಗಿ ಮದ್ದೂರಿನ ಹತ್ತಿರದ ಕೊಪ್ಪಕ್ಕೆ ಬಂದೆ. ಮಂಡ್ಯದ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಅಂದಿನಿಂದ ದಿನಾ ಮದ್ದೂರಿನಲ್ಲಿ ಪ್ಯಾಸೆಂಜರ್ ಹತ್ತಿ ಮಂಡ್ಯದಲ್ಲಿ ಇಳಿಯುತ್ತೇನೆ. ಇಷ್ಟು ವರ್ಷವಾದರೂ ರೈಲು ಬರುವಾಗ ಪ್ಲಾಟ್‌ಫಾರಂ ಅದುರುವುದು ನನಗೆ ಇಷ್ಟ.

ಮಗಳು ಮೈಸೂರಿನ ಹಾಸ್ಟೆಲ್ಲಿಗೆ ಹೋದಮೇಲೆ ಅಟ್ಟ ಗುಡಿಸುವಾಗ ಅವಳ ಆಟದ ಇಟ್ಟಿಗೆಗಳ ಚೀಲ ಸಿಕ್ಕಿತು. ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ತುಂಡುಗಳು. ಅವುಗಳ ಜೊತೆಗೆ ಹಲ್ಲಿನ ಚಕ್ರಗಳು, ಕಡ್ಡಿಗಳು ಕೂಡ ಇದ್ದವು. ಅದೇ ಅಟ್ಟದ ಮೂಲೆಯಲ್ಲಿ ನನ್ನ ಅಪ್ಪನ ಟೈಂಪೀಸೂ ಇತ್ತು. ಅಪ್ಪ ಹೋದಮೇಲೆ, ಕೆಟ್ಟಿದೆ, ಒಯ್ಯಿ ಎಂದು ತವರಿನವರು ನನಗೆ ದಾಟಿಸಿದ ಆಸ್ತಿ ಅದೊಂದೇ. ಅದಕ್ಕೆ ಕೀಲಿ ಕೊಡುವ ಹಕ್ಕು ಮನೆಯಲ್ಲಿ ಅಪ್ಪನೊಬ್ಬನದು. "ಎಣ್ಮಕ್ಳು ಮುಟ್ಬ್ಯಾಡಿ, ಸ್ಪ್ರಿಂಗು ಕಿತ್ತೋಯ್ತದೆ" ಎನ್ನುತ್ತಿದ್ದ. ಅದರ ಸ್ಪ್ರಿಂಗನ್ನು ನನ್ನ ಕೈಯಾರೆ ಬಿಚ್ಚಿ ತೆಗೆದ ದಿನ ನನಗಾದ ಸಂತೋಷವನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ.

ಆ ಸ್ಪ್ರಿಂಗು, ಕೀಲಿ ಹಾಕಿ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ರೈಲು ಕಟ್ಟಲು ಭಾನುವಾರ ಅಡುಗೆ ಮುಗಿಸಿ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ಮೊದಲ ಸಲ ಎಂಜಿನ್ನು ಓಡಲಿಲ್ಲ, ಹಾರಿತು. ಸ್ಪ್ರಿಂಗು ತನ್ನ ಬಲವನ್ನೆಲ್ಲ ಒಂದೇ ಉಸಿರಿಗೆ ಬಿಟ್ಟು, ಎಂಜಿನ್ನು ಮಂಚದ ಕಾಲಿಗೆ ಬಡಿದು ನೂರು ತುಂಡಾಯಿತು. ಆಮೇಲೆ ಹಲ್ಲಿನ ಚಕ್ರಗಳನ್ನು ಒಂದರ ಹಿಂದೆ ಒಂದು ಕೂಡಿಸಿದೆ. ಕೊನೆಯ ಚಕ್ರಕ್ಕೆ ಮದುವೆ ಪತ್ರಿಕೆಯ ರಟ್ಟಿನಿಂದ ಎರಡು ರೆಕ್ಕೆ ಕತ್ತರಿಸಿ ಅಂಟಿಸಿದೆ. ರೆಕ್ಕೆ ಗಾಳಿಗೆ ತಡೆದು ವೇಗ ತಗ್ಗಿಸುತ್ತದೆ, ಸ್ಪ್ರಿಂಗು ಸಾವಕಾಶವಾಗಿ ಬಿಚ್ಚುತ್ತದೆ. ಇನ್ನು ಕೀಲಿ. ಪಕ್ಕದಲ್ಲಿರುವ ಕೆಂಪು ತುಂಡನ್ನು ಒಳಗೊತ್ತಿ ಹಲ್ಲಿಗೆ ಸಿಕ್ಕಿಸಿಯೇ ಕೀಲಿ ತಿರುಗಿಸಬೇಕು. ಮರೆತರೆ, ಕೈ ಸಡಿಲಿಸಿದ ಕ್ಷಣವೇ ಕೀಲಿ ಗಿರ್ರನೆ ಹಿಂದಕ್ಕೆ ಸುತ್ತಿ ಬೆರಳಿಗೆ ಬಡಿಯುತ್ತದೆ. ನನಗೆ ಮೂರು ಸಲ ಬಡಿದಿದೆ. ಒಂದು ಉಗುರು ಕಪ್ಪಾಗಿ ಬಿದ್ದೇಹೋಯಿತು.

ಕೊನೆಗೆ ಎಂಜಿನ್ನು ಮೂರು ಡಬ್ಬಿಗಳನ್ನು ಎಳೆದುಕೊಂಡು, ದೇವರ ಮನೆಯ ಬಾಗಿಲಿನಿಂದ ಹಜಾರದ ಹೊಸ್ತಿಲವರೆಗೆ ಟಿಕ ಟಿಕ ಎಂದು ಹೋಯಿತು. ಮಾರನೆಯ ದಿನದಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ.

ಮನೆ ಪಕ್ಕದ ಡೇರಿಗೆ ಹಾಲು ಹಾಕಲು ಬಂದವರು, ನೆಂಟರು, ಇಷ್ಟರು ಎಲ್ಲರೂ ನೋಡಿದರು, ಎಲ್ಲರೂ ನನ್ನ ಗಂಡನನ್ನು ಹೊಗಳಿದರು. ಅವರು ಡೇರಿಯ ಕಾರ್ಯದರ್ಶಿ. ಮನೆಯ ಬಲ್ಬು ಹಾಕಲೂ ಇನ್ನೊಬ್ಬರನ್ನು ಕರೆಯುವ ಆಸಾಮಿ. "ಏನ್ ಕೈ ಕಣ್ಲಾ ನಿಂದು! ಪಟ್ಟಣ್ದಲ್ಲಿದ್ದಿದ್ರೆ ಎಲ್ಲೋ ಓಗ್ಬುಡ್ತಿದ್ದೆ" ಎಂದರೆ ಈ ಮನುಷ್ಯ ಅಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ಸುಮ್ಮನೆ ನಕ್ಕರು. ಆ ನಗು ನೋಡಿ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಕಾಫಿ ಲೋಟ ಹಿಡಿದು ನಾನು ಅಲ್ಲೇ ನಿಂತಿದ್ದೆ! ನಾಲ್ಕು ಜನರ ಮುಂದೆ ಗಂಡನ ಮರ್ಯಾದೆ ತೆಗೆಯಬಾರದೆಂದು ಕಲಿಸಿದ್ದಾರಲ್ಲ, ನುಂಗಿಕೊಂಡೆ. ಒಳಗೆ ಬಂದಮೇಲೆ ಕೇಳಿದೆ. "ಯಾರ್ ಮಾಡಿದ್ರೇನು ಬುಡು, ಮನೇದು ತಾನೇ" ಎಂದರು. ಮನೆಯದು! ಉಗುರು ಬಿದ್ದದ್ದು ಮನೆಗಾ, ನನಗಾ?

ಹಾಗಿರುವಾಗ ಆಯುಧಪೂಜೆ ಬಂತು. ನಮ್ಮಲ್ಲಿ ಪೂಜೆ ಮಾಡುವವರು ಭಾವ, ಅಂದರೆ ನನ್ನ ಗಂಡನ ಅಣ್ಣ. ಬೆಳಿಗ್ಗೆಯೇ ಅಂಗಳದಲ್ಲಿ ಟ್ರಾಕ್ಟರು, ಎರಡು ಬೈಕು, ಪಂಪ್‌ಸೆಟ್ಟಿನ ಮೋಟರು, ಕುಡುಗೋಲು, ಗುದ್ದಲಿ ಎಲ್ಲ ತೊಳೆದು ಸಾಲಾಗಿ ನಿಂತವು. ನನ್ನ ರೈಲನ್ನೂ ತಂದು ಮಣೆಯ ಮೇಲಿಟ್ಟೆ. ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಯಾರ ಬಾಯಿಂದ ಬರದಿದ್ದರೂ, ನಾನು ಮಾಡಿದ ಯಂತ್ರ ಒಂದು ಹೂವಿನ ಕೆಳಗೆ ಕೂರಲಿ ಎನ್ನುವ ಆಸೆ.

ಅಡುಗೆಮನೆಗೆ ಹೋಗಿ ಒಬ್ಬಟ್ಟು ತಟ್ಟಿ ಬರುವಷ್ಟರಲ್ಲಿ ಭಾವ ಕೈಚಳಕ ತೋರಿಸಿಯಾಗಿತ್ತು. ಟ್ರಾಕ್ಟರಿಗೆ ಬಳಿದಂತೆಯೇ ಅಂಗೈತುಂಬ ನೀರಿನಲ್ಲಿ ಕಲಸಿದ ವಿಭೂತಿ, ಅದರ ಮೇಲೆ ಗಂಧ, ಕುಂಕುಮ. ಅಂಗೈ ಅಗಲದ ಎಂಜಿನ್ನಿಗೆ ಮೊಳ ಚೆಂಡುಹೂವು! ಸಾಲದ್ದಕ್ಕೆ ಚಕ್ರಕ್ಕೊಂದು ನಿಂಬೆಹಣ್ಣು. ನಿಂಬೆಹಣ್ಣಿನ ಮೇಲೆ ಹತ್ತುವ ಶಕ್ತಿ ಆ ಪುಟ್ಟ ಎಂಜಿನ್ನಿಗೆಲ್ಲಿ? ತಾವೇ ಅಂಗೈಯಿಂದ ಒತ್ತಿ ಹತ್ತಿಸಿದ್ದರು. ರಸ ಹಲ್ಲುಗಳ ಒಳಗೆ ಇಳಿದಿತ್ತು, ಕುಂಕುಮ ಅದರಲ್ಲಿ ಕಲೆತು ಕೆಸರಾಗಿತ್ತು, ರಟ್ಟಿನ ರೆಕ್ಕೆ ನೆನೆದು ಜೋತುಬಿದ್ದಿತ್ತು.

"ಓಡ್ಸವ್ವ ನೋಡವ" ಎಂದರು ಸೇರಿದವರು. ಓಡಿಸಿ ತೋರಿಸುವ ಚಾಕರಿ ಮಾತ್ರ ಮೊದಲಿನಿಂದಲೂ ನನ್ನದೇ. ಕೀಲಿ ಕೊಟ್ಟೆ. ಒಂದು ಸಲ ಕಿರ್ರ್ ಎಂದು ನಿಂತಿತು.

"ಏನ್ಲಾ ಇದು, ನಿನ್ ಬಂಡಿ ಪೂಜೆ ದಿನ್ವೇ ಕೈ ಕೊಡ್ತಲ್ಲಾ! ಅಪಸಕುನ ಕಣ್ಲಾ" ಎಂದರು ಭಾವ, ತಮ್ಮನ ಕಡೆ ತಿರುಗಿ.

ಆಗ ನನ್ನ ಗಂಡ ಬಾಯಿ ಬಿಟ್ಟರು. ತಿಂಗಳುಗಟ್ಟಲೆ ನಗುವುದರಲ್ಲೇ ಕಳೆದ ಬಾಯಿ ಅದು.

"ನಾನಲ್ಲ ಕಣಣ್ಣ. ಇವ್ಳು ಮಾಡಿದ್ದು ಅದು."

"ಅಂಗೇಳು ಮತ್ತೆ! ಎಂಗಸ್ರು ಮಾಡಿದ್ದು ಎಷ್ಟ್ ದಿನ ಓಡೀತು" ಎಂದು ಭಾವ ಕುಂಬಳಕಾಯಿ ಒಡೆಯಲು ಹೋದರು.

ಓಡುವಾಗ ಅವರದು, ನಿಂತಾಗ ನನ್ನದು. ಸತ್ಯ ಹೇಳಲು ಈ ಮನುಷ್ಯನಿಗೆ ಸಿಕ್ಕ ಮುಹೂರ್ತ ನೋಡಿ! ಒಲೆಯ ಮೇಲಿನ ಒಬ್ಬಟ್ಟು ಸೀದರೆ ಸೀಯಲಿ ಎಂದು ಅಂಗಳದ ನಡುವೆ, ಎಲ್ಲರ ಕಣ್ಣೆದುರಿಗೇ ಕೂತೆ. ಎಂಜಿನ್ನು ಬಿಚ್ಚಿದೆ. ಒಂದೊಂದು ಚಕ್ರವನ್ನೂ ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ, ಸ್ಪ್ರಿಂಗನ್ನು ಒರೆಸಿ ಹೊಲಿಗೆ ಮೆಷಿನ್ನಿನ ಎಣ್ಣೆ ಹಚ್ಚಿದೆ, ಹೊಸ ರಟ್ಟು ಕತ್ತರಿಸಿದೆ. ಮತ್ತೆ ಜೋಡಿಸಿ ಕೀಲಿ ಕೊಟ್ಟು ಜಗಲಿಯ ಮೇಲೆ ಬಿಟ್ಟೆ. ಜಗಲಿಯ ಈ ತುದಿಯಿಂದ ಆ ತುದಿಗೆ ಹೋಯಿತು.

"ನೋಡ್ದಾ? ಪೂಜೆ ಫಲ" ಎಂದರು ಭಾವ.

ಅಷ್ಟರಲ್ಲಿ ಚಿಕ್ಕರಸಿನಕೆರೆಯಿಂದ ಅತ್ತೆಯ ತಮ್ಮ ಊಟಕ್ಕೆ ಬಂದರು. ರೈಲು ನಿಂತದ್ದನ್ನು ಕಂಡವರಲ್ಲ, ಓಡಿದ ಕೊನೆಯ ಎರಡು ಮಾರು ಕಂಡವರು. "ಭಲೇ! ನೀನೇ ಏನ್ಲಾ ಮಾಡಿದ್ದು ಇದ?" ಎಂದು ನನ್ನ ಗಂಡನ ಬೆನ್ನು ತಟ್ಟಿದರು. ಗಂಡನ ಮುಖದಲ್ಲಿ ಅದೇ ನಗು ಮತ್ತೆ ಬಂತು.

ನಾನು ರೈಲನ್ನು ನನ್ನ ಗಂಡನ ಕೈಗಿಟ್ಟೆ. "ಮಾವನಿಗೆ ಇನ್ನೊಂದು ಸಲ ಓಡಿಸಿ ತೋರಿಸಿ" ಎಂದೆ. ಕೆಂಪು ತುಂಡಿನ ವಿಷಯ ಹೇಳಲಿಲ್ಲ. ಮರೆತದ್ದಲ್ಲ, ಬೇಕೆಂದೇ ಹೇಳಲಿಲ್ಲ.

ಅವರು ಠೀವಿಯಿಂದ ಎಂಟು ಸುತ್ತು ತಿರುಗಿಸಿ ಕೈ ಸಡಿಲಿಸಿದರು. ಕೀಲಿ ಗಿರ್ರೆಂದಿತು. "ಅಯ್ಯಪ್ಪಾ!" ಎಂದು ಬೆರಳನ್ನು ಬಾಯಿಗಿಟ್ಟುಕೊಂಡು ಅಲ್ಲೇ ಕುಕ್ಕರಿಸಿದರು. ರೈಲು ಬೀಳದಂತೆ ನಾನು ಹಿಡಿದುಕೊಂಡೆ.

"ಲೇ, ನೀನೇ ಮಾಡಿದ್ದು ನಿನಗೇ ಗೊತ್ತಿಲ್ವಲ್ಲಾ! ಯಾರ್ಲಾ ಮಾಡಿದ್ದು?" ಎಂದರು ಮಾವ.

ಬಾಯಲ್ಲಿ ಬೆರಳಿಟ್ಟುಕೊಂಡೇ ನನ್ನ ಗಂಡ ಇನ್ನೊಂದು ಕೈಯನ್ನು ನನ್ನ ಕಡೆ ತೋರಿಸಿದರು.

"ಬೆರಳು ತೆಗೆದು, ಬಾಯಿಬಿಟ್ಟು ಹೇಳಿ" ಎಂದೆ.