ಅಳಿಸಿದ್ದಕ್ಕೆ ಕಾರಣ ಬರೆಯಿರಿ

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಮದುವೆ ಪತ್ರಿಕೆ, ಕರಪತ್ರ, ಅರ್ಜಿ ಟೈಪು ಮಾಡಿಕೊಡುವುದು ಕೆಲಸ. ಎರಡು ಸಾವಿರದ ಏಳೆಂಟರ ಸುಮಾರಿಗೆ ಅಂಗಡಿಗೆ ಇಂಟರ್ನೆಟ್ ಬಂತು. ಆಗಲೇ ಸುತ್ತಲಿನ ಐದು ತಾಲ್ಲೂಕಿನ ಕೆಲವರು ಸೇರಿ ಕನ್ನಡದಲ್ಲೇ ಬರೆಯುವ ಒಂದು ಫೋರಂ ಶುರು ಮಾಡಿದೆವು. ಹಡಗಲಿಯವರು ಮಲ್ಲಿಗೆ ಗಿಡದ ರೋಗದ ಬಗ್ಗೆ ಬರೆಯುತ್ತಿದ್ದರು, ಹಗರಿಬೊಮ್ಮನಹಳ್ಳಿಯವರು ರಸ್ತೆಯ ಬಗ್ಗೆ ಬೈಯುತ್ತಿದ್ದರು. ಜಗಳ ಬಿಡಿಸಲು, ಬೇಡದ್ದನ್ನು ಅಳಿಸಲು ನಿರ್ವಾಹಕರು ಇಬ್ಬರೇ: ನಾನು ಮತ್ತು ಹರಪನಹಳ್ಳಿಯ ಒಬ್ಬ ಉಪನ್ಯಾಸಕರು. ಸಂಬಳವಿಲ್ಲ. ಯಾರೂ ನಮ್ಮನ್ನು ಆರಿಸಿರಲೂ ಇಲ್ಲ. ಮೊದಲು ಬಂದು ಕೂತಿದ್ದೆವು, ಅಷ್ಟೆ.

ಒಂದು ಮಧ್ಯಾಹ್ನ ಹೆಗಲ ಮೇಲೆ ಕಂಬಳಿ ಹಾಕಿಕೊಂಡಿದ್ದ, ನಲವತ್ತು ದಾಟಿದವರೊಬ್ಬರು ಬಂದರು. ಅರ್ಜಿ ಟೈಪು ಮಾಡಿಸುವವರೆಂದು ಕುರ್ಚಿ ತೋರಿಸಿದೆ. ಅವರು ಕೂರಲಿಲ್ಲ. ತಾವು ಕೂಡ್ಲಿಗಿ ಕಡೆಯವರು, ಕುರಿ ಸಾಕುವವರು, ಫೋರಂನಲ್ಲಿ ತಾವು ಬರೆದದ್ದು ಮಾಯವಾಗಿದೆ, ಅಳಿಸಿದವರು ಈ ಅಂಗಡಿಯಲ್ಲಿ ಸಿಗುತ್ತಾರೆಂದು ಯಾರೋ ಹೇಳಿದರು ಎಂದರು.

ನನಗೆ ನೆನಪಿತ್ತು. ಕುರಿಯ ಗೊರಸಿನ ಹುಣ್ಣಿಗೆ ಯಾವುದೋ ಸೊಪ್ಪು ಅರೆದು ಹಚ್ಚುವ ಬಗ್ಗೆ ಬರೆದಿದ್ದರು. ವೈದ್ಯರಲ್ಲದವರು ಔಷಧಿ ಹೇಳಬಾರದೆಂಬ ನಿಯಮ ನಮ್ಮದು. ಅದನ್ನೇ ಗಟ್ಟಿಯಾಗಿ ಹೇಳಿದೆ. ಅವರು ಜೇಬಿನಿಂದ ಕಾಗದ ತೆಗೆದು ಬಿಡಿಸಿ ಮೇಜಿನ ಮೇಲಿಟ್ಟರು. ಬರೆದ ದಿನವೇ ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿಕೊಂಡಿದ್ದರಂತೆ.

“ಪೂರ್ತಿ ಓದಿದ್ರೇನ್ರಿ ಅಕ್ಕಾರ?”

ಓದಿರಲಿಲ್ಲ. ಮೊದಲ ನಾಲ್ಕು ಸಾಲು ನೋಡಿ ಅಳಿಸಿದ್ದೆ. ಈಗ ಅವರ ಎದುರಿಗೇ ಓದಿದೆ. ಹುಳ ಬಿದ್ದ ಹುಣ್ಣಿಗೆ ಈ ಸೊಪ್ಪು ಹಚ್ಚಬೇಡಿ, ನಾನು ಹಚ್ಚಿ ಎರಡು ಕುರಿ ಕಳೆದುಕೊಂಡೆ, ನೇರವಾಗಿ ದನದ ದವಾಖಾನೆಗೆ ಹೊಡೆದುಕೊಂಡು ಹೋಗಿ ಎಂದು ಕೊನೆಯಲ್ಲಿತ್ತು. ಆ ಎಚ್ಚರಿಕೆ ಹೇಳುವುದಕ್ಕಾಗಿಯೇ ಅವರು ಅಷ್ಟೂ ಬರೆದಿದ್ದರು. ತಪ್ಪಾಯಿತು, ಈಗಲೇ ಮತ್ತೆ ಹಾಕುತ್ತೇನೆ ಎಂದೆ.

“ಹಾಕ್ರಿ. ಆದ್ರ ನಾ ಬಂದಿದ್ದು ಅದಕ್ಕ ಅಲ್ಲ,” ಎಂದರು. “ನಮ್ಮೂರಾಗ ಒಬ್ಬನ್ನ ಪಂಚಾಯ್ತಿ ಕಟ್ಟಿ ಮ್ಯಾಲಿಂದ ಎಬ್ಬಿಸಬೇಕಂದ್ರ ಯಾಕಂತ ಅವನ ಮುಂದನ ಹೇಳ್ತೀವಿ. ನೀವು ಹೇಳಲೇ ಇಲ್ಲ. ನಾನು ಏನೋ ಹೊಲಸು ಬರದೀನಿ ಅಂತ ಮಂದಿ ತಿಳ್ಕಂಡ್ರು.”

ಅವರು ಕೂತು ಚಹಾ ಕುಡಿಯುವಷ್ಟರಲ್ಲಿ ಬರಹವನ್ನು ಮತ್ತೆ ಹಾಕಿ, ಕೆಳಗೆ ನನ್ನ ಹೆಸರಿನಲ್ಲೇ ಬರೆದೆ: ಪೂರ್ತಿ ಓದದೆ ಅಳಿಸಿದವಳು ನಾನು, ತಪ್ಪು ನನ್ನದು. ಅವರಿಗೆ ಓದಿ ಹೇಳಿದೆ. ಸರಿ ಎಂದು ತಲೆಯಾಡಿಸಿ ಬಸ್ಸಿಗೆ ಹೊರಟರು.

ಸಂಜೆ ಉಪನ್ಯಾಸಕರ ಫೋನು ಬಂತು. ನಿರ್ವಾಹಕರು ಹೀಗೆ ತಪ್ಪೊಪ್ಪಿಕೊಂಡರೆ ನಾಳೆ ಯಾರೂ ಮಾತು ಕೇಳುವುದಿಲ್ಲ ಎಂಬುದು ಅವರ ವಾದ. “ಬಿಟ್ಟಿ ದುಡಿಯೋರು ನಾವು. ಎಲ್ಲಾದಕ್ಕೂ ಸಮಜಾಯಿಷಿ ಕೊಡ್ತಾ ಕೂರೋಕಾಗುತ್ತಾ?”

“ಬಿಟ್ಟಿ ದುಡಿತೀವಿ, ಖರೆ ಸರ್,” ಎಂದೆ. “ಹಂಗಂತ ಮಂದಿ ಬರದಿದ್ದನ್ನ ಓದಲಾರದ ಒರಸಾಕ ನಮಗ ಯಾರು ಹೇಳ್ಯಾರ?”

ಅವರು ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಫೋರಂನಲ್ಲೇ ವಿಷಯ ಇಟ್ಟೆ. ಒಂದು ವಾರ ಬಿಸಿ ಬಿಸಿ ಚರ್ಚೆ ನಡೆದು, ಅಳಿಸಿದವರು ಎಲ್ಲರಿಗೂ ಕಾಣುವಂತೆ ಹೆಸರು, ಕಾರಣ ಬರೆಯಬೇಕು, ತಕರಾರು ಬಂದರೆ ಇನ್ನೊಬ್ಬ ನಿರ್ವಾಹಕರು ತೀರ್ಮಾನಿಸಬೇಕು ಎಂದಾಯಿತು. ಸದಸ್ಯರು ವರ್ಷಕ್ಕೊಮ್ಮೆ ನಿರ್ವಾಹಕರನ್ನು ಆರಿಸಬೇಕೆಂಬುದೂ ಸೇರಿತು. ಆ ಮಾತು ಎತ್ತಿದವಳು ನಾನಲ್ಲ, ಹಡಗಲಿಯ ಮಲ್ಲಿಗೆ ಬೆಳೆಯುವ ಹೆಣ್ಣುಮಗಳೊಬ್ಬಳು. ಮೊದಲ ಆಯ್ಕೆಯಲ್ಲಿ ನಮ್ಮಿಬ್ಬರ ಜೊತೆ ಆಕೆಯೂ ನಿರ್ವಾಹಕಿಯಾದಳು.

ಕೆಲಸ ಹೆಚ್ಚಾಗುತ್ತದೆಂದು ಉಪನ್ಯಾಸಕರು ಹೆದರಿದ್ದರು. ಆದದ್ದೇ ಬೇರೆ. ಕಾರಣ ಬರೆಯಬೇಕಾದರೆ ಓದಲೇಬೇಕು. ಓದಿದ ಮೇಲೆ ಎಷ್ಟೋ ಬರಹಗಳನ್ನು ಅಳಿಸಬೇಕೆನಿಸುತ್ತಲೇ ಇರಲಿಲ್ಲ.

ಮರುವರ್ಷ ಉಪನ್ಯಾಸಕರು ಅಳಿಸಿದ ಒಂದು ಬರಹದ ತಕರಾರು ನನ್ನ ಪಾಲಿಗೆ ಬಂತು. ಎರಡು ಸಲ ಓದಿ, ಅಳಿಸಿದ್ದು ತಪ್ಪೆಂದು ಬರೆದೆ. ಇನ್ನು ನನ್ನ ಜೊತೆ ಮಾತು ಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಬರಹವನ್ನು ತಾವೇ ಮತ್ತೆ ಹಾಕಿದರು. ಮುಂದಿನ ವಾರ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬಂದು, ಮಗಳ ಮದುವೆ ಪತ್ರಿಕೆಯ ಕರಡು ಮುಂದಿಟ್ಟು, ತಪ್ಪಿದ್ದರೆ ತಿದ್ದಿಕೊಡಿ ಎಂದರು.