ವ್ಯಾನಿನಲ್ಲಿ ಮಲ್ಲಿಗೆ, ಆಮೇಲೆ ಮೀನು

ಡೀಸೆಲ್ ಮೇಲಿನ ಸಬ್ಸಿಡಿಯನ್ನು ಸರ್ಕಾರ ಒಂದೇ ಏಟಿಗೆ ಎತ್ತಲಿಲ್ಲ. ಹಲ್ಲು ಕೀಳುವವರು ಮೊದಲು ಅಲ್ಲಾಡಿಸಿ ಅಲ್ಲಾಡಿಸಿ ನೋಡುತ್ತಾರಲ್ಲ, ಹಾಗೆ ತಿಂಗಳಿಗೆ ಸ್ವಲ್ಪ ಸ್ವಲ್ಪ ಎಂದು ಬೆಲೆ ಏರಿಸುತ್ತಾ ಬಂತು. ಆಗ ನಾನು ಅಡ್ಯಾರಿನಿಂದ ಪ್ಯಾರಿಸ್ ಕಾರ್ನರ್ ಹತ್ತಿರದ ಒಂದು ವಿಮಾ ಕಚೇರಿಗೆ ದಿನಾ ವ್ಯಾನಿನಲ್ಲಿ ಹೋಗಿಬರುತ್ತಿದ್ದೆ. ಆ ನೀತಿಯ ಫಲವನ್ನು ನಮ್ಮ ವ್ಯಾನಿನವರೆಲ್ಲ ಮೂಗಿನ ಮೂಲಕ ಅನುಭವಿಸಿದೆವು. ಆ ಕಥೆಯನ್ನು ಹೇಳುತ್ತೇನೆ.

ವ್ಯಾನಿನ ಮಾಲೀಕನೂ ಡ್ರೈವರೂ ಒಬ್ಬರೇ. ಹೊಸೂರಿನ ಆಚೆ ಡೆಂಕಣಿಕೋಟೆ ಕಡೆಯವರು. ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ತಮಿಳು, ಕೋಪ ಬಂದಾಗ ತೆಲುಗು. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ಬೆಸೆಂಟ್ ನಗರದಿಂದ ಹೊರಟು, ಅಡ್ಯಾರಿನಲ್ಲಿ ನಮ್ಮನ್ನೆಲ್ಲ ಹತ್ತಿಸಿಕೊಂಡು, ಮರೀನಾ ಕಡಲ ದಂಡೆಯ ರಸ್ತೆ ಹಿಡಿದು ಪ್ಯಾರಿಸ್ ಕಾರ್ನರಿಗೆ ಬಿಡುತ್ತಿದ್ದರು. ಹತ್ತು ಹನ್ನೆರಡು ಜನ ಇದ್ದೆವು. ಅವರಲ್ಲಿ ಇಬ್ಬರನ್ನು ನೀವು ತಿಳಿದುಕೊಂಡರೆ ಸಾಕು.

ಒಬ್ಬರು ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ನಿವೃತ್ತಿಗೆ ಹತ್ತಿರ. ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಸಸ್ಯಾಹಾರಿ. ವ್ಯಾನಿನಲ್ಲಿ ಅವರಿಗೆ ಯಜಮಾನರು ಎಂದೇ ಹೆಸರು. ಇನ್ನೊಬ್ಬರು ಹೈಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದ ತಮಿಳಿನ ಹೆಂಗಸು, ಕೋರ್ಟ್ ಅಕ್ಕ. ಆಕೆ ವಾದ ಮಾಡುತ್ತಿದ್ದದ್ದನ್ನು ಕೇಳಿದರೆ ವಕೀಲರು ಯಾರು, ಗುಮಾಸ್ತೆ ಯಾರು ಎಂದು ಗೊತ್ತಾಗುತ್ತಿರಲಿಲ್ಲ.

ಡೀಸೆಲ್ ಬೆಲೆ ಏರಿದಾಗಲೆಲ್ಲ ವ್ಯಾನಿನಲ್ಲಿ ಇವರಿಬ್ಬರ ಸಭೆ ನಡೆಯುತ್ತಿತ್ತು.

"ಎಷ್ಟು ದಿನಾಂತ ಸರ್ಕಾರ ಕೊಟ್ಕೊಂಡೇ ಕೂತಿರತ್ತೆ?" ಎಂದು ಯಜಮಾನರು ಕನ್ನಡದಲ್ಲಿ ನನಗೆ ಹೇಳಿ, ಅದನ್ನೇ ತಮಿಳಿನಲ್ಲಿ ಆಕೆಗೂ ಹೇಳುತ್ತಿದ್ದರು. "ಕಹಿ ಔಷಧಿ ಕುಡೀಲೇಬೇಕು. ಆಗ್ಲೇ ದೇಶ ವಾಸಿಯಾಗೋದು."

"ಮರುಂದು ನಮಕ್ಕು, ಗುಣಂ ಯಾರುಕ್ಕೋ," ಎನ್ನುತ್ತಿದ್ದರು ಕೋರ್ಟ್ ಅಕ್ಕ. ಔಷಧಿ ನಮಗೆ, ವಾಸಿಯಾಗುವುದು ಯಾರಿಗೋ ಎಂದು.

ಅಣ್ಣ ಎರಡೂ ಪಕ್ಷಕ್ಕೆ ತಲೆಯಾಡಿಸುತ್ತಿದ್ದರು. ಸಬ್ಸಿಡಿಗೆ ಅವರು ತಮಿಳಿನ ಪದವನ್ನೇ ಬಳಸುತ್ತಿದ್ದರು. "ಮಾನಿಯಂ ಹೋಯ್ತಲ್ಲ ಮೇಡಂ. ಇನ್ಮೇಲೆ ನಾವೇ ನೋಡ್ಕಬೇಕು."

ಅವರು ನೋಡಿಕೊಂಡ ರೀತಿ ಹೀಗೆ. ಮೊದಲು ಎಸಿ ನಿಂತಿತು. ಕಡಲ ಗಾಳಿ ಬಿಟ್ಟಿ ಬರುವಾಗ ಎಸಿ ಏಕೆ ಎಂದರು. ಕಡಲು ಬರುವ ತನಕ ಏನು ಮಾಡುವುದು ಎಂದು ಯಾರೂ ಕೇಳಲಿಲ್ಲ. ಆಮೇಲೆ ಪ್ರತಿ ಸಿಗ್ನಲ್ಲಿನಲ್ಲೂ ಎಂಜಿನ್ ಆಫ್. ಅಡ್ಯಾರ್ ಸೇತುವೆಯ ನಡುಮಧ್ಯಕ್ಕೆ ಬಂದ ಕೂಡಲೇ ಗೇರ್ ತಪ್ಪಿಸಿ ವ್ಯಾನನ್ನು ಸುಮ್ಮನೆ ಜಾರಲು ಬಿಡುತ್ತಿದ್ದರು. ಸದ್ದೇ ಇಲ್ಲದೆ ನಾವು ಇಳಿಜಾರಿನಲ್ಲಿ ತೇಲುತ್ತಿದ್ದಾಗ ಅವರ ಮುಖದಲ್ಲಿ ಬರುತ್ತಿದ್ದ ಶಾಂತಿಯನ್ನು ನಾನು ದೇವಸ್ಥಾನದಲ್ಲಿಯೂ ಕಂಡಿಲ್ಲ. "ಈ ಜಾಗದಲ್ಲಿ ಯಾರ್ಗೂ ಒಂದ್ ಪೈಸೆ ಕೊಡಂಗಿಲ್ಲ," ಎನ್ನುತ್ತಿದ್ದರು.

ಸೇತುವೆಯ ಇಳಿಜಾರು ಎಷ್ಟು ದೂರ ಬಂದೀತು? ಕೊನೆಗೊಂದು ದಿನ ಬಾಡಿಗೆ ಸ್ವಲ್ಪ ಜಾಸ್ತಿ ಮಾಡಬೇಕೆಂದು ಕೇಳಿದರು. ದೇಶಕ್ಕೆ ಕಹಿ ಔಷಧಿ ಕುಡಿಸುತ್ತಿದ್ದ ಯಜಮಾನರೇ ಮೊದಲು ಬಾಯಿ ಮುಚ್ಚಿಕೊಂಡರು, ಆಮೇಲೆ ತೆರೆದರು. "ಇದು ಅನ್ಯಾಯ. ನಾವೆಲ್ಲ ಒಂದು ವಾರ ಬಸ್ಸಿನಲ್ಲಿ ಹೋಗೋಣ. ಬುದ್ಧಿ ಬರತ್ತೆ." ಆಶ್ಚರ್ಯವೆಂದರೆ ಕೋರ್ಟ್ ಅಕ್ಕನೂ ಒಪ್ಪಿದರು. ಹೋರಾಟ ಎಂದರೆ ಆಕೆಗೆ ಯಾರ ವಿರುದ್ಧವಾದರೂ ಸರಿ.

ಬುದ್ಧಿ ಬಂತು, ನಮಗೆ. ಡೀಸೆಲ್ ಏರಿದ ಮೇಲೆ ನಮ್ಮಂತೆಯೇ ಯೋಚಿಸಿದ ಇಡೀ ಅಡ್ಯಾರ್ ಆ ಬಸ್ಸಿನಲ್ಲಿತ್ತು. ನಾನು ಒಂದು ಕಾಲಿನ ಮೇಲೆ ನಿಂತು ಸಾಂತೋಮ್ ದಾಟಿದೆ, ಇನ್ನೊಂದನ್ನು ಎಲ್ಲಿ ಇಡಲಿ ಎಂದು ತಿಳಿಯದೆ. ಯಜಮಾನರ ಊಟದ ಕ್ಯಾರಿಯರ್ ನೂಕುನುಗ್ಗಲಿನಲ್ಲಿ ವಾಲಿ, ಅವರ ಮನೆಯ ಸಾರೆಲ್ಲ ಪಕ್ಕದವರ ಬಿಳಿ ಪಂಚೆಯ ಮೇಲೆ ಇಳಿಯಿತು. ಇವರು ಕ್ಷಮೆ ಕೇಳಲು ಕೈ ಜೋಡಿಸಬೇಕೆಂದರೆ ಕೈ ಎತ್ತಲು ಜಾಗವಿಲ್ಲ. ಪಂಚೆಯವರು ಮೂಗರಳಿಸಿ, ಬಹಳ ಮರ್ಯಾದೆಯಿಂದ, "ಮೈಸೂರ್ ರಸಮಾ ಸಾರ್?" ಎಂದು ಕೇಳಿದರಂತೆ. ಅದನ್ನು ಯಜಮಾನರು ಜನ್ಮದಲ್ಲಿ ಮರೆಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದರೇನೋ.

ವಾರದ ಕೊನೆಯಲ್ಲಿ ನಾನು ಯಾರಿಗೂ ಹೇಳದೆ ಅಣ್ಣನಿಗೆ ಫೋನ್ ಮಾಡಿ, ಸೋಮವಾರ ಬರುತ್ತೇನೆ ಎಂದೆ. "ಆಯ್ತು ಮೇಡಂ," ಎಂದರು. ಸೋಮವಾರ ನೋಡಿದರೆ ವ್ಯಾನಿನಲ್ಲಿ ಎಲ್ಲರೂ ಇದ್ದಾರೆ. ಎಲ್ಲರೂ ನನ್ನ ಹಾಗೆಯೇ ಗುಟ್ಟಾಗಿ ಫೋನ್ ಮಾಡಿದವರು. ಯಾರೂ ಯಾರ ಮುಖವನ್ನೂ ನೋಡದೆ ಕಿಟಕಿಯ ಹೊರಗೆ ನೋಡುತ್ತಾ ಕುಳಿತೆವು.

ಬಾಡಿಗೆಯ ಮಾತನ್ನು ಅಣ್ಣ ಎತ್ತಲೇ ಇಲ್ಲ. ಆದರೆ ವ್ಯಾನಿನ ಒಳಗೆ ಘಮಘಮ ಮಲ್ಲಿಗೆಯ ವಾಸನೆ. ಬೆಳಗಿನ ಜಾವ ಕೊಯಂಬೇಡು ಮಾರುಕಟ್ಟೆಯಿಂದ ಮದುವೆ ಮಂಟಪಗಳಿಗೆ ಹೂವು ಸಾಗಿಸುವ ಕೆಲಸ ಹಿಡಿದಿದ್ದರು. ಅದನ್ನು ಮುಗಿಸಿ ಸೀಟುಗಳನ್ನು ಒರೆಸಿ ನಮ್ಮ ಬಳಿಗೆ ಬರುವುದು.

ಆ ಮೂರು ನಾಲ್ಕು ತಿಂಗಳು ನಮ್ಮ ವ್ಯಾನಿಗೆ ಸ್ವರ್ಣಯುಗ. ಕೋರ್ಟ್ ಅಕ್ಕನ ಮುಡಿಯಲ್ಲಿ ದಿನಾ ಹೂವು. ನನ್ನ ಮಗಳು ಸಂಜೆ ನನ್ನನ್ನು ಮೂಸಿ, "ಅಮ್ಮಾ, ಕಲ್ಯಾಣತ್ತುಕ್ಕು ಪೋನಿಯಾ?" ಎಂದು ಕೇಳುತ್ತಿದ್ದಳು. ನಾನು ಕನ್ನಡದಲ್ಲಿ, "ಇಲ್ಲ ಕಣೇ, ಆಫೀಸಿಗೆ ಹೋಗಿದ್ದೆ," ಎಂದರೆ ನಂಬುತ್ತಿರಲಿಲ್ಲ. ಯಜಮಾನರು ಒಂದು ದಿನ ನನ್ನ ಪಕ್ಕದಲ್ಲಿ ಕುಳಿತು ದನಿ ತಗ್ಗಿಸಿದರು.

"ನೆನ್ನೆ ಮನೇಲಿ ಅಂಗಿ ಕೊಡವ್ದಾಗ ಎರಡು ಮಲ್ಲಿಗೆ ಮೊಗ್ಗು ಬಿತ್ತು. ಈ ವಯಸ್ಸಲ್ಲಿ ಯಾರು ಕೊಟ್ರು ಅಂತ ಕೇಳಿದ್ಲು ನಮ್ಮನೆಯವಳು."

"ನೀವೇನಂದ್ರಿ ಸಾರ್?"

"ವ್ಯಾನ್ ಅಂದೆ. ನಕ್ಬಿಟ್ಲು. ಯಾರಾದ್ರೂ ಕೊಟ್ಟಿರ್ಬಹುದು ಅಂತ ಒಂದು ನಿಮಿಷನಾದ್ರೂ ಅನುಮಾನ ಪಡ್ಬಹುದಿತ್ತು."

ಆಮೇಲೆ ಆಷಾಢ ಬಂತು. ತಮಿಳರ ಆಡಿ ತಿಂಗಳು. ಮದುವೆಗಳಿಲ್ಲ, ಮಂಟಪಗಳಿಗೆ ಬೀಗ. ಅದೇ ವಾರ ವ್ಯಾನಿನ ಗಾಳಿ ಬದಲಾಯಿತು.

ಮೊದಲ ದಿನ ಎಲ್ಲರೂ ಸಂಕೋಚದಿಂದ ಸುಮ್ಮನಿದ್ದೆವು. ಎರಡನೆಯ ದಿನ ಎಲ್ಲರ ಕಣ್ಣೂ ನನ್ನ ಊಟದ ಚೀಲದ ಮೇಲೆ. ನಾನು ಮಂಡ್ಯದವಳು, ಭಾನುವಾರ ನಮ್ಮ ಮನೆಯಲ್ಲಿ ಮೀನು ಸಾರು ಮಾಡುತ್ತೇವೆ ಎಂಬುದನ್ನು ಹಿಂದೆ ಯಾವಾಗಲೋ ಮಾತಿಗೆ ಹೇಳಿದ್ದೆ. ಯಜಮಾನರು ನನ್ನ ಪಕ್ಕದ ಸೀಟು ಬಿಟ್ಟು ಮುಂದೆ ಹೋಗಿ ಕುಳಿತರು. ಅಲ್ಲಿಯೂ ಅದೇ ವಾಸನೆ ಎಂದು ತಿಳಿದು ಹಿಂದಕ್ಕೆ ಹೋದರು. ಕೋರ್ಟ್ ಅಕ್ಕ ನೇರವಾಗಿಯೇ ಕೇಳಿದರು, ಇವತ್ತು ಊಟಕ್ಕೆ ಏನು ಎಂದು. ನಾನು ಡಬ್ಬಿ ತೆರೆದು ತೋರಿಸಿದೆ. ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಮೊಸರನ್ನವನ್ನು ಸಾಕ್ಷಿಯಾಗಿ ಹಾಜರುಪಡಿಸಿದ ಮೇಲೂ ನನ್ನ ಮೇಲಿನ ಅನುಮಾನ ಪೂರ್ತಿ ಹೋಗಲಿಲ್ಲ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವಳು ಊದಿನಕಡ್ಡಿ ಹಚ್ಚತೊಡಗಿದಳು. ಯಜಮಾನರ ಬ್ಯಾಂಕಿನಲ್ಲಿಯೋ, ಹಿತ್ತಲಿನ ಬೆಕ್ಕೊಂದು ದಿನಾ ಅವರ ಕ್ಯಾಬಿನ್ನಿಗೆ ಬಂದು ಅವರ ಕಾಲಿನ ಬಳಿ ಮಲಗಲು ಶುರು ಮಾಡಿತು. ಓಡಿಸಿದರೆ ಹೋಗಿ, ಇನ್ನೊಂದನ್ನು ಜೊತೆಗೆ ಕರೆದುಕೊಂಡು ಬರುತ್ತಿತ್ತಂತೆ.

ವಿಷಯ ಬಯಲಾದದ್ದು ಒಂದು ಗುರುವಾರ, ಮರೀನಾ ಎದುರಿನ ಸಿಗ್ನಲ್ಲಿನಲ್ಲಿ. ಎಂದಿನಂತೆ ಎಂಜಿನ್ ಆಫ್ ಮಾಡಿ ವ್ಯಾನ್ ನಿಂತಿತ್ತು. ಯಜಮಾನರ ಕೊಡೆ ಸೀಟಿನ ಕೆಳಗೆ ಉರುಳಿತು. ಬಗ್ಗಿ ಕೈ ಚಾಚಿ ಹುಡುಕಿದರು. ಹುಡುಕುತ್ತಿದ್ದ ಕೈ ನಿಂತಿತು. ಮುಖ ಬಿಳುಪೇರಿತು. ಬಹಳ ನಿಧಾನವಾಗಿ ಕೈ ಮೇಲೆ ಬಂತು, ಅದರಲ್ಲಿ ಕೊಡೆಯ ಬದಲು ಒಂದು ಬಂಗುಡೆ ಮೀನು.

"ಇದೇನಿದು?" ಎಂದರು ಯಜಮಾನರು. ಅದು ಏನೆಂದು ಅವರ ಹೊರತು ಎಲ್ಲರಿಗೂ ಗೊತ್ತಿತ್ತು. ಬಿಡಬೇಕೆಂದೂ ತೋಚದೆ ಅದನ್ನು ಬಾಲದಲ್ಲಿ ಹಿಡಿದುಕೊಂಡೇ ಮುಂದುವರಿದರು. "ಹೂವು ಅಂದ್ರಿ, ಸುಮ್ನಿದ್ವಿ. ಈಗ ಇದು. ಮನುಷ್ಯರು ಕೂರೋ ಗಾಡೀಲಿ ಇದನ್ನ ತುಂಬ್ತೀರಾ? ಉತ್ತರ ಹೇಳಿ."

ಕೋರ್ಟ್ ಅಕ್ಕ ತಮಿಳಿನಲ್ಲಿ ಇನ್ನಷ್ಟು ಪ್ರಶ್ನೆಗಳನ್ನು ಸೇರಿಸಿದರು. ಕಳಂಕ ತೊಳೆದುಹೋದ ಸಂತೋಷಕ್ಕೆ ನಾನೂ ದನಿಗೂಡಿಸಿದೆ. ಅಣ್ಣ ಸ್ಟಿಯರಿಂಗಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು. ಎಷ್ಟು ಬೈದರೂ ಒಂದೂ ಮಾತಿಲ್ಲ. ನಮಗೇ ಪಾಪ ಎನ್ನಿಸತೊಡಗಿತು. "ಹೋಗ್ಲಿ ಬಿಡಿ, ಬೇಜಾರ್ ಮಾಡ್ಕೋಬೇಡಿ," ಎಂದು ಯಜಮಾನರೇ ಸ್ವರ ಇಳಿಸಿದರು.

ಸಿಗ್ನಲ್ ಹಸಿರಾಯಿತು. ವ್ಯಾನ್ ಕದಲಲಿಲ್ಲ. ಹಿಂದಿನ ಬಸ್ಸುಗಳೆಲ್ಲ ಹಾರ್ನ್ ಹೊಡೆಯತೊಡಗಿದವು. ಕೋರ್ಟ್ ಅಕ್ಕ ಎದ್ದು ಮುಂದೆ ಬಗ್ಗಿ ನೋಡಿ, ನಮ್ಮ ಕಡೆ ತಿರುಗಿ ಹೇಳಿದರು, "ತೂಂಗರಾರು."

ನಿದ್ದೆ ಹೋಗಿದ್ದರು. ನಮ್ಮ ಒಂದು ಬೈಗುಳವೂ ಅವರ ಕಿವಿಗೆ ಬಿದ್ದಿರಲಿಲ್ಲ.

ಅಷ್ಟರಲ್ಲಿ ಟ್ರಾಫಿಕ್ ಪೊಲೀಸಿನವರು ಕಿಟಕಿಗೆ ಬಂದರು. ಅಣ್ಣ ಗಾಬರಿಯಿಂದ ಎದ್ದು ಕುಳಿತು, ವ್ಯಾನನ್ನು ಪಕ್ಕಕ್ಕೆ ತೆಗೆದರು. ಪೊಲೀಸಿನವರು ಏನೋ ಗದರಿಸಲು ಬಾಯಿ ತೆರೆದವರು, ಮೀನು ಹಿಡಿದ ಯಜಮಾನರನ್ನು ಕಂಡು ಸುಮ್ಮನಾದರು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಂಗುಡೆ. ಇಂಥದ್ದಕ್ಕೆ ಯಾವ ಕಲಮು ಹಾಕುವುದೆಂದು ಅವರಿಗೆ ಹೊಳೆಯಲಿಲ್ಲವೋ ಏನೋ.

"ಕಾಶಿಮೇಡಾ?" ಎಂದು ಕೇಳಿದರು. ಮೀನಿನ ಬಂದರಿನಿಂದ ತಂದದ್ದೇ ಎಂದು.

"ಗೊತ್ತಿಲ್ಲ," ಎಂದರು ಯಜಮಾನರು ಶುದ್ಧ ಕನ್ನಡದಲ್ಲಿ.

ಮೀನು ಫ್ರೆಶ್ಶಾಗಿದೆ ಎಂದು ಹೇಳಿ, ಅಣ್ಣನಿಗೆ ಮುಖ ತೊಳೆದುಕೊಂಡು ಬಂದು ಓಡಿಸುವಂತೆ ಎಚ್ಚರಿಕೆ ಕೊಟ್ಟು, ಪೊಲೀಸಿನವರು ಹೊರಟುಹೋದರು.

ದಂಡೆಯ ಟೀ ಗಾಡಿಯ ಹತ್ತಿರ ಎಲ್ಲರೂ ಇಳಿದೆವು. ಅಣ್ಣ ಮುಖಕ್ಕೆ ನೀರು ಹಾಕಿಕೊಂಡು ಬಂದರು. ಹೂವಿನ ಕೆಲಸ ನಿಂತ ಮೇಲೆ ಮೀನಿನ ಪೆಟ್ಟಿಗೆಗಳನ್ನು ಕಾಶಿಮೇಡಿನಿಂದ ಅಡ್ಯಾರಿನ ಅಂಗಡಿಗಳಿಗೆ ತರುತ್ತಿದ್ದರಂತೆ. ಸಂಜೆ ನಮ್ಮನ್ನು ಬಿಟ್ಟ ಮೇಲೆ ಸೌಕಾರ್‌ಪೇಟೆಯಿಂದ ಬಟ್ಟೆಯ ಬಂಡಲುಗಳ ಲೋಡು ಬೇರೆ. ಅದು ನಮಗೆ ಗೊತ್ತೇ ಇರಲಿಲ್ಲ. ಬಟ್ಟೆಗೆ ವಾಸನೆ ಇಲ್ಲವಲ್ಲ.

"ಮಲಗೋದು ಯಾವಾಗ?" ಎಂದು ಕೇಳಿದೆ.

"ಸಿಗ್ನಲ್‌ನಲ್ಲಿ ಮೇಡಂ," ಎಂದರು. ತಮಾಷೆಗೆ ಹೇಳಿರಲಿಲ್ಲ. "ನಂಗೂ ಹೊಟ್ಟೆ ಐತೆ, ವ್ಯಾನ್‌ಗೂ ಹೊಟ್ಟೆ ಐತೆ. ನಂದಾದ್ರೆ ಒಂದ್ ಹೊತ್ತು ಕಟ್ಟಾಕ್ಬೋದು. ಅದು ಕೇಳಲ್ಲ. ನಿಮ್ಮನ್ನ ಕೇಳ್ದೆ, ನೀವು ಬಸ್ಸಿಗೆ ಹೋದ್ರಿ. ಇನ್ನೊಂದ್ ಕಿತ ಕೇಳಕ್ಕೆ ಮನಸ್ ಬರ್ಲಿಲ್ಲ."

ಯಾರೂ ಟೀ ಕುಡಿಯಲಿಲ್ಲ. ಈ ಮನುಷ್ಯ ಕಣ್ಣು ಮುಚ್ಚಿಕೊಂಡು ನಮ್ಮನ್ನೆಲ್ಲ ಎಷ್ಟು ದಿನ ಸೇತುವೆ ದಾಟಿಸಿದರೋ ಎಂದು ನಾನು ಲೆಕ್ಕ ಹಾಕತೊಡಗಿದೆ. ಭಯ ಯಾವುದು, ನಾಚಿಕೆ ಯಾವುದು ಎಂದು ಬೇರೆ ಮಾಡಲಾಗಲಿಲ್ಲ. ಯಜಮಾನರು ಕೈಗೆ ನೀರು ಹಾಕಿಸಿಕೊಳ್ಳುತ್ತಿದ್ದರು, ಮತ್ತೆ ಹಾಕಿಸಿಕೊಳ್ಳುತ್ತಿದ್ದರು. ಕೊನೆಗೆ ಕೈ ಮೂಸಿ ನೋಡಿ, ಸೋತವರಂತೆ ಹೇಳಿದರು.

"ನೀವು ಕೇಳಿದ ಬಾಡಿಗೆ ಕೊಡ್ತೀವಿ. ಬೆಳಿಗ್ಗೆ ಮಲಗಿ, ಎದ್ದು ಬನ್ನಿ. ಮೀನು ಬೇಡ."

"ಎಲ್ಲಾರೂ ಒಪ್ತಾರಾ ಸಾರ್?"

ಕೋರ್ಟ್ ಅಕ್ಕ ಎಲ್ಲರ ಪರವಾಗಿ ತೀರ್ಪು ಕೊಟ್ಟರು. "ಒತ್ತುಕ್ಕುವಾಂಗ." ಒಪ್ಪುತ್ತಾರೆ. ನಮ್ಮನ್ನು ಕೇಳುವ ಅಗತ್ಯ ಆಕೆಗೆ ಕಾಣಲಿಲ್ಲ.

ಮೀನು ನಿಂತರೂ ವಾಸನೆ ನಿಲ್ಲಲಿಲ್ಲ. ಒಬ್ಬರು ಹುಣಿಸೆನೀರಿನಲ್ಲಿ ತೊಳೆಯಿರಿ ಎಂದರು, ಒಬ್ಬರು ನಿಂಬೆಹಣ್ಣು ಎಂದರು. ಕೋರ್ಟ್ ಅಕ್ಕ ಸಾಂಬ್ರಾಣಿ ಹಾಕಿಸಿದರು. ಯಜಮಾನರು ಮನೆಯಿಂದ ಕಾಫಿಪುಡಿ ತಂದು ಸೀಟಿನ ಕೆಳಗೆಲ್ಲ ಉದುರಿಸಿದರು. ಅಣ್ಣ ಯಾವ ಸಲಹೆಯನ್ನೂ ತಳ್ಳದೆ ಎಲ್ಲವನ್ನೂ ಒಂದೇ ಭಾನುವಾರ ಮಾಡಿದರು. ಮರುದಿನ ವ್ಯಾನ್ ಹತ್ತಿದರೆ, ಸಾಂಬ್ರಾಣಿ ಹಾಕಿದ ಮನೆಯಲ್ಲಿ ಯಾರೋ ಹುಳಿಮೀನು ಅಟ್ಟು ಕಾಫಿ ಕುಡಿದ ಹಾಗಿತ್ತು. ದೀಪಾವಳಿಯ ಹೊತ್ತಿಗೆ ತಾನಾಗಿಯೇ ಹೋಯಿತು.

ತಮಾಷೆಯೆಂದರೆ, ಸರ್ಕಾರ ಡೀಸೆಲ್ ಸಬ್ಸಿಡಿಯನ್ನು ಕೊನೆಗೆ ಪೂರ್ತಿಯಾಗಿ ಎತ್ತಿದಾಗ ಬೆಲೆ ಇಳಿಯಿತು. ಹೊರದೇಶಗಳಲ್ಲಿ ಎಣ್ಣೆಯ ಬೆಲೆ ಬಿದ್ದಿತ್ತು ಎಂದು ಕಾರಣ ಹೇಳಿದರು. ಬೆಳಿಗ್ಗೆ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂದಿತ್ತು. ಯಜಮಾನರು ಅದನ್ನು ಹಿಡಿದುಕೊಂಡೇ ವ್ಯಾನ್ ಹತ್ತಿದರು. ಈಗ ಬಾಡಿಗೆ ಇಳಿಸಲು ಕೇಳುತ್ತಾರೆ ಎಂದು ನಾವೆಲ್ಲ ಉಸಿರು ಬಿಗಿಹಿಡಿದು ಕುಳಿತೆವು. ಅಣ್ಣನೂ ಕನ್ನಡಿಯಲ್ಲಿ ಅವರನ್ನೇ ನೋಡುತ್ತಿದ್ದರು. ಸೇತುವೆ ದಾಟಿತು, ಸಾಂತೋಮ್ ದಾಟಿತು. ಕೊನೆಗೆ ಅಣ್ಣನಿಗೇ ತಡೆಯಲಾಗಲಿಲ್ಲ.

"ಸಾರ್, ಡೀಸಲ್ ಇಳ್ದೈತಂತೆ."

"ಹೌದಾ?" ಎಂದರು ಯಜಮಾನರು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಕೆಳಗೆ ಇಟ್ಟುಕೊಂಡರು. "ನಾನಿನ್ನೂ ನೋಡಿಲ್ಲ."

ಕೋರ್ಟ್ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ನಕ್ಕರು. ಮುಂದೆ ತೆರಿಗೆ ಏರಿ ಬೆಲೆ ಮತ್ತೆ ಮೇಲೆ ಹೋಯಿತು. ಆಗಲೂ ಬಾಡಿಗೆಯ ಮಾತನ್ನು ಯಾರೂ ಎತ್ತಲಿಲ್ಲ.

ಯಜಮಾನರು ನಿವೃತ್ತರಾಗಿ ಮೈಸೂರಿಗೆ ಹೋದರು. ನನಗೆ ಬೇರೆ ಶಾಖೆಗೆ ವರ್ಗವಾಯಿತು, ವ್ಯಾನ್ ಬಿಟ್ಟೆ. ಅಣ್ಣ ಈಗ ಅಡ್ಯಾರಿನಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಾರೆ. ಮಕ್ಕಳನ್ನು ಬಿಟ್ಟ ಮೇಲೆ ಮಧ್ಯಾಹ್ನದ ತನಕ ಬಿಡುವು. ಮೊನ್ನೆ ತರಕಾರಿ ತರಲು ಹೋದವಳು ನೋಡಿದೆ, ಒಂದು ಬೇವಿನ ಮರದ ನೆರಳಿನಲ್ಲಿ ವ್ಯಾನ್ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದರು. ಮಾತಾಡಿಸಬೇಕೆಂದು ಕಿಟಕಿಯ ಬಳಿ ಹೋದೆ. ಗೊರಕೆ ಕೇಳಿಸಿತು. ಎಬ್ಬಿಸದೆ ಬಂದೆ.