ಸೀಮೆ ತೆರೆದ ಪಂಚಮಿ

ಉಸಿರನ್ನಿತ್ತು, ಅದನ್ನು ಇಷ್ಟು ದೀರ್ಘಕಾಲ ಕಾಯ್ದು ನಡೆಸಿಕೊಂಡು ಬಂದ ಪರಶಿವನಿಗೆ ಮೊದಲ ವಂದನೆ. ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಗುರುವಿಗೆ, ಹಸಿದಾಗ ಅನ್ನವಾದ ಹಾನಗಲ್ಲ ಸೀಮೆಯ ಗದ್ದೆಗಳಿಗೆ, ನನ್ನನ್ನು ಎತ್ತಿ ಆಡಿಸಿದ ಕೈಗಳಿಗೆ ತಲೆಬಾಗಿದ್ದೇನೆ. ಆ ಕೈಗಳಲ್ಲಿ ಒಂದೂ ಈಗ ಉಳಿದಿಲ್ಲ. ಆದುದರಿಂದಲೇ, ಒಬ್ಬರ ಹೊರತು ಇದುವರೆಗೆ ಯಾರೊಡನೆಯೂ ಬಾಯಿಬಿಟ್ಟು ಹೇಳದ ಒಂದು ಪಂಚಮಿಯ ಸಂಗತಿಯನ್ನು ಬರೆಯುವ ಧೈರ್ಯ ಬಂದಿದೆ.

ಆಗಿನ ದಿನಗಳಲ್ಲಿ ಶ್ರಾವಣ ಬಂತೆಂದರೆ ನಮ್ಮ ಊರಿಗೆ ಹೆಣ್ಣುಮಕ್ಕಳು ಬರುತ್ತಿದ್ದರು. ಲಗ್ನವಾಗಿ ಹೋದ ಮಗಳನ್ನು ಪಂಚಮಿಗೆ ಅಣ್ಣನೋ ತಮ್ಮನೋ ಗಾಡಿ ಹೂಡಿಕೊಂಡು ಹೋಗಿ ಕರೆತರಬೇಕು; ಕರೆಯದಿದ್ದರೆ ಅವಳಿಗೆ ಗಂಡನ ಮನೆಯಲ್ಲಿ ತಲೆ ಎತ್ತಲಾಗದು. ಹಬ್ಬಕ್ಕೆ ಎಂಟು ದಿನ ಮೊದಲೇ ಓಣಿಯ ತುಂಬ ಹುರಿದ ಎಳ್ಳಿನ ವಾಸನೆ, ಬೆಲ್ಲದ ಪಾಕದ ವಾಸನೆ. ಮಣ್ಣಿನ ಬೋಗುಣಿಯಲ್ಲಿ ಜೋಳದ ಅಳ್ಳು ಸಿಡಿದು ಅಡುಗೆಮನೆಯ ಮೂಲೆಮೂಲೆಗೆ ಹಾರುತ್ತಿದ್ದವು. ಹುಡುಗರಾದ ನಾವು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರನೆ ತಿರುಗಿಸುತ್ತಿದ್ದೆವು. ಸಂಜೆಯ ಹೊತ್ತಿಗೆ ಆ ಬಟ್ಟಲು ಆಡಿಸಿದವನ ಹೊಟ್ಟೆಗೇ ಸೇರುತ್ತಿತ್ತು. ಮರಮರಕ್ಕೂ ಜೋಕಾಲಿ.

ನನಗೆ ಒಂಬತ್ತು ವರ್ಷವಾಗಿದ್ದ ಆ ವರುಷ, ಬೇಸಗೆ ಮುಗಿಯುವ ಹೊತ್ತಿಗೆ ಹೊಸದೊಂದು ಜ್ವರ ಬಂದಿತು. ಅದು ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದು, ರೈಲು ಹತ್ತಿ ದೇಶವನ್ನೆಲ್ಲ ತಿರುಗುತ್ತಿದೆಯೆಂದು ಹಾವೇರಿಗೆ ಹೋಗಿಬಂದವರು ಹೇಳುತ್ತಿದ್ದರು. ಮೈಕೈ ನುಲಿದು ಮೂರು ದಿನ ಸುಡುತ್ತಿತ್ತು. ಗಟ್ಟಿಗರು ಎದ್ದು ಕೂರುತ್ತಿದ್ದರು, ಮುದುಕರು ಕೆಲವರು ಏಳುತ್ತಿರಲಿಲ್ಲ. ಸುತ್ತಲಿನ ಊರುಗಳಿಗೆ ಜ್ವರ ತಗುಲಿದ ಸುದ್ದಿ ಬಂದೊಡನೆ ನಮ್ಮೂರ ಹಿರಿಯರು ಸೀಮೆ ಕಟ್ಟಿದರು. ಎಂದರೆ ಊರ ಮೇರೆಗೆ ಬೇವಿನ ತೋರಣ ಬಿಗಿದು, ಹೊರಗಿನವರು ಒಳಗೆ ಬರಬಾರದು, ಒಳಗಿನವರು ಹೊರಗೆ ಹೋಗಬಾರದು ಎಂದು ಡಂಗುರ ಸಾರಿಸಿದರು. ಜ್ವರವೂ ಒಳಗೆ ಬರಲಿಲ್ಲ. ಆದರೆ ಪಂಚಮಿ ಬಂತು.

ನನ್ನ ಅಕ್ಕ ನೀಲವ್ವನನ್ನು ಆ ವರ್ಷವೇ ಹಿರೇಕೆರೂರಿನ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಗಾಡಿಯಲ್ಲಿ ಮೂರು ತಾಸಿನ ದಾರಿ. ಲಗ್ನವಾದ ಮೇಲಿನ ಮೊದಲ ಪಂಚಮಿ. ಅವಳು ಬರುವಳೋ ಇಲ್ಲವೋ ಎಂಬುದರ ಹೊರತು ನನಗೆ ಬೇರೆ ಯೋಚನೆಯೇ ಇರಲಿಲ್ಲ. ಅದನ್ನು ತೀರ್ಮಾನಿಸಬೇಕಾದವರು ನಮ್ಮ ತಂದೆಯವರೇ. ಅವರು ಊರಿನ ಅಯ್ಯನವರು. ಲಗ್ನದ ಮುಹೂರ್ತದಿಂದ ಹಿಡಿದು ಬಾವಿ ತೋಡುವ ಜಾಗದವರೆಗೆ ಅವರ ಮಾತಿಗೆ ಎರಡನೆಯ ಮಾತಿರಲಿಲ್ಲ.

ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಮಂದಿ ಕೂಡಿದರು. ಗೌಡರು ಸೀಮೆ ಸಡಿಲಿಸಲು ಒಪ್ಪಲಿಲ್ಲ.

"ಒಂದ ವರ್ಷ ಹಬ್ಬಾ ಮಾಡದಿದ್ರ ಏನಾಗ್ತೈತಿ? ಉಂಡಿ ಮುಂದಿನ ವರ್ಷ ತಿಂದ್ರಾತು" ಎಂದರು.

ನಮ್ಮ ಪಕ್ಕದ ಮನೆಯ ಗಂಗವ್ವ, ಗಂಡನಿಲ್ಲದ ಮುದುಕಿ, ಕಟ್ಟೆಯ ಕೆಳಗೆ ನಿಂತಿದ್ದಳು. ಅವಳ ಒಬ್ಬಳೇ ಮಗಳು ಬಂಕಾಪುರದಲ್ಲಿದ್ದಳು. "ಗೌಡ್ರ, ನೀವು ಮಗಳನ್ನ ಊರಾಗ ಕೊಟ್ಟೀರಿ. ಮುಂಜಾನೆದ್ದು ಆಕಿ ಮಾರಿ ನೋಡ್ತೀರಿ, ಸಂಜೀಕ ಆಕಿ ಮನ್ಯಾಗ ಚಹಾ ಕುಡೀತೀರಿ. ನಿಮಗ ಸೀಮಿ ಕಟ್ಟಿದ್ರೇನು, ಬಿಚ್ಚಿದ್ರೇನು?"

ಕಟ್ಟೆಯ ಮೇಲಿದ್ದವರು ನಕ್ಕರು. ಗೌಡರೂ ನಕ್ಕರು. "ಈ ಮುದುಕಿ ಬಾಯಿಗೆ ಯಾವ ಜ್ವರಾನೂ ಬರೂದಿಲ್ಲ ಬಿಡ್ರಿ. ಅಯ್ಯಾರ, ನೀವ ಒಂದ ಮಾತ ಹೇಳ್ರಿ."

ತಂದೆಯವರು ಊರ ಮೇರೆಯ ತೋರಣದ ಕಡೆ ನೋಡಿದರು. ಮನೆಯಲ್ಲಿ ಅವ್ವ ಎಳ್ಳು ಹುರಿದಿರಲಿಲ್ಲ, ಬೆಲ್ಲ ಕುಟ್ಟಿರಲಿಲ್ಲ, ಏನನ್ನೂ ಕೇಳಿರಲಿಲ್ಲ. ಕೇಳಿದ್ದರೆ ಬೇಡವೆನ್ನುವುದು ಅವರಿಗೆ ಸುಲಭವಾಗುತ್ತಿತ್ತೋ ಏನೋ. ಕೊನೆಗೆ ನಿಧಾನವಾಗಿ ಹೇಳಿದರು: "ಹಬ್ಬದ ದಿನ ಒಂದ ದಿನ ಬರಲಿ. ಬೆಳಕ ಹರದ ಮ್ಯಾಲ ಬಂದು, ದೀಪಾ ಹಚ್ಚೂದ್ರಾಗ ತಮ್ಮ ಮನಿ ಸೇರಬೇಕು. ಒಬ್ಬರ ಮನಿಗೆ ಒಬ್ಬರು ಹೋಗೂದು ಬ್ಯಾಡ, ಊರ ಜೋಕಾಲಿ ಬ್ಯಾಡ. ಜ್ವರದ ಮನಿಯಿಂದ ಯಾರನ್ನೂ ಕರಕೊಂಡು ಬರಬ್ಯಾಡ್ರಿ. ಅದನ್ನ ಕೇಳಿ ತಿಳಕೊಂಡ ಗಾಡಿ ಹತ್ತಸ್ರಿ."

ಆ ಮಧ್ಯಾಹ್ನವೇ ಅವ್ವ ಎಳ್ಳಿನ ಡಬ್ಬಿ ಇಳಿಸಿದಳು.

ಮನೆಗೆ ನಾನೊಬ್ಬನೇ ಗಂಡುಮಗ. ಆದುದರಿಂದ ಅಕ್ಕನನ್ನು ಕರೆಯಲು ಹೋದವನು ನಾನೇ. ಗಾಡಿ ಹೊಡೆದವನು ನಮ್ಮ ಹೊಲ ಮಾಡುತ್ತಿದ್ದ ಫಕೀರಪ್ಪ. ನಸುಕಿನಲ್ಲಿ ಹೊರಟು, ಬಿಸಿಲು ಏರುವ ಮೊದಲೇ ಅವಳ ಮನೆಯ ಮುಂದೆ ಎತ್ತು ನಿಲ್ಲಿಸಿದೆವು. ಅಕ್ಕನ ಅತ್ತೆ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು.

ಫಕೀರಪ್ಪ ಕೈಮುಗಿದ. "ಯವ್ವಾರ, ಅಯ್ಯಾರು ಒಂದ ಮಾತ ಕೇಳಿ ಬಾ ಅಂದಾರ. ಮನ್ಯಾಗ ಜ್ವರಾ ಏನರ ಐತೇನ್ರಿ?"

"ಬಂದಿತ್ತಪಾ. ಎಂಟೂ ಮಂದಿ ಹಾಸಿಗಿ ಹಿಡದಿದ್ವಿ. ಈಗ ಎಲ್ಲಾರೂ ಎದ್ದೇವಿ. ಕಡೀಕ ಎದ್ದಾಕಿ ನಾನ, ಮೊನ್ನಿ. ನಿಮ್ಮ ನೀಲವ್ವ ಒಬ್ಬಾಕಿನ ಗಟ್ಟಿ ನೋಡು; ಎಲ್ಲಾರಿಗೂ ಗಂಜಿ ಕಾಸಿ ಹಾಕಿದಾಕಿ ಆಕಿನ."

ಫಕೀರಪ್ಪ ನನ್ನನ್ನು ಗಾಡಿಯ ಹಿಂದಕ್ಕೆ ಕರೆದ. "ಸಣ್ಣಯ್ಯಾರ, ಏನ ಮಾಡೂಣ? ಅಯ್ಯಾರು ಜ್ವರದ ಮನಿ ಬ್ಯಾಡ ಅಂದಾರ."

ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದಳು. ಲಗ್ನದಲ್ಲಿ ಉಟ್ಟಿದ್ದ ಅದೇ ಹಸಿರು ಸೀರೆ, ಕೈಯಲ್ಲಿ ಪುಟ್ಟ ಗಂಟು. ನನ್ನನ್ನು ನೋಡಿ ನಕ್ಕಳು. ಕಣ್ಣ ಕೆಳಗೆ ಮಸಿ ಹಚ್ಚಿದಂತೆ ಕಪ್ಪಾಗಿತ್ತು. ಅವಳನ್ನು ಅಲ್ಲಿಯೇ ಬಿಟ್ಟು ಬರಿಯ ಗಾಡಿಯನ್ನು ಹೊಡೆದುಕೊಂಡು ಬರುವುದು ನನ್ನಿಂದ ಸಾಧ್ಯವಿರಲಿಲ್ಲ.

"ಈಗ ಇಲ್ಲಲ್ಲ. ಹೂಡು" ಎಂದೆ.

"ನೀವು ಅಯ್ಯಾರ ಮಗಾ ಅದೀರಿ. ನೀವ ಹೇಳಿದ ಮ್ಯಾಲ ಆತು" ಎಂದು ಫಕೀರಪ್ಪ ಎತ್ತಿನ ಕಡೆ ತಿರುಗಿದ.

ಮನೆ ಮುಟ್ಟಿದಾಗ ತಂದೆಯವರು ಅಂಗಳದಲ್ಲಿ ನಿಂತಿದ್ದರು. ಅಕ್ಕನಿಗಿಂತ ಮೊದಲು ನನ್ನನ್ನು ಕೇಳಿದರು: "ಅಲ್ಲಿ ಎಲ್ಲಾರೂ ಆರಾಮ ಅದಾರೇನ?"

"ಆರಾಮ ಅದಾರ" ಎಂದೆ.

ಹಿಂದೆ ಎಂದೂ ನಾನು ಅವರಿಗೆ ಸುಳ್ಳು ಹೇಳಿರಲಿಲ್ಲ. ಇದೂ ಸುಳ್ಳಲ್ಲವೆಂದು ಮನಸ್ಸಿಗೆ ಹೇಳಿಕೊಂಡು ಒಳಗೆ ಓಡಿದೆ.

ಅಕ್ಕನ ಪಾಲಿಗೆ ಇದ್ದದ್ದು ನಾಲ್ಕು ತಾಸು. ಪಡಸಾಲೆಯ ತೊಲೆಗೆ ನಾನು ಹಗ್ಗ ಬಿಗಿದು, ಕೂರಲು ಕಂಬಳಿ ಮಡಿಸಿ ಇಟ್ಟಿದ್ದೆ. ಅವಳು ಕೈಕಾಲು ತೊಳೆದು ದೇವರಿಗೆ ನಮಸ್ಕರಿಸಿ, ಅವ್ವನ ತೊಡೆಯ ಮೇಲೆ ತಲೆಯಿಟ್ಟಳು. ಅಷ್ಟೇ, ನಿದ್ದೆ ಹೋದಳು. ಅವ್ವ ಬಾಯಿಗಿಡಲೆಂದು ತಂದ ಶೇಂಗಾದ ಉಂಡೆ ಬೆರಳ ನಡುವೆಯೇ ಉಳಿಯಿತು.

ನಾನು ಸುತ್ತ ತಿರುಗಿದೆ. ಕೆಮ್ಮಿದೆ. ಕೊಬ್ಬರಿ ಬಟ್ಟಲನ್ನು ಅವಳ ಕಿವಿಯ ಹತ್ತಿರವೇ ಗಿರ್ರೆನಿಸಿದೆ.

"ಎಬ್ಬಿಸಬ್ಯಾಡ" ಎಂದಳು ಅವ್ವ.

"ನಾಕ ತಾಸಿಗೆ ಬಂದಾಳ. ಮಲಗಾಕ ಬಂದಾಳೇನ?"

"ಹೌದು. ಮಲಗಾಕ ಬಂದಾಳ. ಎಲ್ಲೆಲ್ಲೆರ ಮಲಗಿದ್ರ ಬರೂ ನಿದ್ದಿ ಅಲ್ಲ ಇದು."

ಹಿತ್ತಲ ಬಾಗಿಲು ಕಿರ್ರೆಂದಿತು. ಗಂಗವ್ವ ಉಂಡೆಯ ತಟ್ಟೆ ಹಿಡಿದು ನಿಂತಿದ್ದಳು. ಅವಳ ಮಗಳು ಬಂದಿರಲಿಲ್ಲ. ಕೂಸಿಗೆ ಮೈ ಬೆಚ್ಚಗಿದೆ, ಬರುವುದಿಲ್ಲವೆಂದು ಹೇಳಿಕಳಿಸಿದ್ದಳು. ಸೀಮೆ ತೆರೆಯಲೆಂದು ಎಲ್ಲರಿಗಿಂತ ಹೆಚ್ಚು ವಾದಿಸಿದವಳ ಮನೆಗೇ ಯಾರೂ ಬಂದಿರಲಿಲ್ಲ.

"ಇವರು ಒಬ್ಬರ ಮನಿಗೆ ಒಬ್ಬರು ಹೋಗಬ್ಯಾಡ್ರಿ ಅಂದಾರ, ಗಂಗಕ್ಕಾ" ಎಂದಳು ಅವ್ವ, ಮೆಲ್ಲಗೆ.

"ಅದಕ್ಕ ಹಿತ್ತಲ ಬಾಗಲಿಂದ ಬಂದೇನಿ. ಅಯ್ಯಾರು ಹೇಳಿದ್ದು ಮುಂಚಿಬಾಗಲಿಗೆ" ಎಂದು ಅವಳು ನೆಲಕ್ಕೆ ಕುಳಿತು, ಅಕ್ಕನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿ, ಬೀಸಣಿಕೆ ಎತ್ತಿಕೊಂಡಳು. "ಎಟ್ಟ ಸೋತೈತಿ ನೋಡು ಕೂಸು." ಆ ಇಬ್ಬರು ಹೆಂಗಸರು ಮಾತಿಲ್ಲದೆ, ಮಲಗಿದವಳನ್ನೇ ನೋಡುತ್ತ ಹಬ್ಬ ಕಳೆದರು.

ಹೊತ್ತು ಇಳಿಯತೊಡಗಿದಾಗ ತಂದೆಯವರು ಬಾಗಿಲ ಹೊರಗಿನಿಂದಲೇ ಕೆಮ್ಮಿದರು. ಅಕ್ಕ ಎದ್ದು, ಬೆದರಿದವಳಂತೆ ಸುತ್ತ ನೋಡಿ, ಉಂಡೆಯ ಗಂಟು ಹಿಡಿದು ಗಾಡಿ ಹತ್ತಿದಳು. "ಜೋಕಾಲಿ ಮುಂದಿನ ವರ್ಷ ಆಡೂಣು, ತಮ್ಮಾ" ಎಂದಳು. ನಾನು ಮುಖ ತಿರುಗಿಸಿಕೊಂಡು ನಿಂತಿದ್ದೆ.

ಮೂರನೆಯ ದಿನ ಗಂಗವ್ವನಿಗೆ ಜ್ವರ ಬಂತು. ಆಮೇಲೆ ನಮ್ಮ ಓಣಿಯಲ್ಲಿ ಮನೆಮನೆಗೆ. ಉಳಿದವರೆಲ್ಲ ಎದ್ದರು. ಗಂಗವ್ವನ ಎದೆಯಲ್ಲಿ ಮಾತ್ರ ಕಫ ಕಟ್ಟಿ, ವಾರ ತುಂಬುವ ಮೊದಲೇ ಉಸಿರು ನಿಂತಿತು. ಬಂಕಾಪುರದ ಮಗಳು ತಾಯಿಯ ಮುಖ ನೋಡಲು ಆಗ ಬಂದಳು. ಆ ದಿನ ಅವಳನ್ನು ಯಾರೂ ತಡೆಯಲಿಲ್ಲ.

ಊರಲ್ಲಿ ಯಾರೊಬ್ಬರೂ ತಂದೆಯವರನ್ನು ಬೆರಳೆತ್ತಿ ತೋರಿಸಲಿಲ್ಲ. ಹಬ್ಬಕ್ಕೆ ಬಂದ ಹೆಣ್ಣುಮಕ್ಕಳು ಬಹಳ ಮಂದಿ. ಯಾವ ಗಾಡಿಯಲ್ಲಿ ಜ್ವರ ಬಂತೆಂದು ಯಾರು ಬಲ್ಲರು? ಆದರೆ ತಂದೆಯವರು ಅಂದಿನಿಂದ ಕಟ್ಟೆಗೆ ಹೋಗುವುದನ್ನು ಬಿಟ್ಟರು. ಗೌಡರು ಎರಡು ಸಲ ಮನೆಗೆ ಬಂದು ಕರೆದರು.

"ಸೀಮಿ ಬಿಚ್ಚಿಸಿದಾಂವ ನಾನು, ಗೌಡ್ರ. ಊರಿಗೆ ಹೇಳಿದೆನೋ, ನನ್ನ ಮಗಳ ಸಲುವಾಗಿ ಹೇಳಿದೆನೋ, ನನಗ ತಿಳೀವಲ್ದು. ಇನ್ನ ನನ್ನ ಮಾತಿಗೆ ತೂಕಿಲ್ಲ" ಎಂದರು.

ಆಮೇಲಿನ ವರ್ಷಗಳಲ್ಲಿ ಅವರು ಹೆಚ್ಚಿನ ಹೊತ್ತು ಪೂಜೆಯ ಕೋಣೆಯಲ್ಲಿಯೇ ಇರುತ್ತಿದ್ದರು. ಎಷ್ಟೋ ಸಲ ಆ ಬಾಗಿಲವರೆಗೆ ಹೋಗಿದ್ದೇನೆ, ಅಪ್ಪಾ, ತಪ್ಪು ನಿಮ್ಮದಲ್ಲ, ನಾನು ನಿಮಗೆ ನಿಜ ಹೇಳಲಿಲ್ಲ ಎನ್ನಬೇಕೆಂದು. ಅವರ ಬೆನ್ನು ಕಂಡೊಡನೆ ಹಿಂತಿರುಗುತ್ತಿದ್ದೆ. ನಾನು ಮಠದ ಪಾಠಶಾಲೆಯಲ್ಲಿ ಕಾವ್ಯ ಓದುತ್ತಿರುವಾಗ ಅವರು ಲಿಂಗೈಕ್ಯರಾದರು. ಸತ್ಯದ ಮೇಲಿನ ಶ್ಲೋಕಗಳನ್ನು ನಾನು ಮುಂದೆ ಸವಣೂರಿನಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಹೇಳಿಕೊಟ್ಟೆ. ನನ್ನದನ್ನು ಮಾತ್ರ ನುಂಗಿಕೊಂಡೆ.

ಮೊನ್ನಿನ ಕೊರೊನಾದ ಕಾಲ ಎಲ್ಲರಿಗೂ ನೆನಪಿದೆ. ಶ್ರಾವಣದ ಹೊತ್ತಿಗೆ ಸರಕಾರ ಕಟ್ಟುಪಾಡನ್ನು ಸಡಿಲಿಸಿತು, ಬಸ್ಸು ಓಡತೊಡಗಿದವು. ಹಬ್ಬಕ್ಕೆ ಕೂಡಬಹುದೇ ಕೂಡಬಾರದೇ ಎಂದು ಮನೆಮನೆಯಲ್ಲಿ ಅದೇ ಮಾತು. ಎಂಬತ್ತು ತುಂಬಿದ ಅಕ್ಕ ಹಿರೇಕೆರೂರಿನಿಂದ ಫೋನು ಮಾಡಿದಳು.

"ಮೊಮ್ಮಗ ಕಾರ ತರತಾನಂತ. ಹತ್ತಿ ಬಂದ ಬಿಡು ತಮ್ಮಾ. ಇನ್ನೆಷ್ಟ ಪಂಚಮಿ ಅದಾವ ನಮಗ?"

ನಾನು ಸವಣೂರಿನಿಂದ ಮರಳಿ ನೆಲೆಸಿದ್ದ ನಮ್ಮ ಊರ ಓಣಿಯಲ್ಲಿ ಎರಡು ಮನೆಗೆ ಸೋಂಕು ತಗುಲಿತ್ತು. ನನ್ನ ಮೈ ನೆಟ್ಟಗಿತ್ತು. ಯಾರಾದರೂ ಕೇಳಿದ್ದರೆ ಆರಾಮ ಅದೇನಿ ಎನ್ನಬಹುದಿತ್ತು. ನಾನು ಬರುವುದಿಲ್ಲವೆಂದೆ. ಏಕೆಂದು ಅವಳು ಪಟ್ಟು ಹಿಡಿದಾಗ, ಅರವತ್ತು ವರ್ಷಗಳಿಗೂ ಮೀರಿ ಕಟ್ಟಿಟ್ಟದ್ದನ್ನು ಮೊದಲ ಸಲ ಬಿಚ್ಚಿದೆ.

"ಅವತ್ತ ನನಗ ಜ್ವರಾ ಬಂದಿತ್ತೋ" ಎಂದಳು ಅಕ್ಕ. "ಗಾಡಿ ಹತ್ತೂ ಮುಂದನ ಮೈ ಕಾದಿತ್ತು. ಹೇಳಿದ್ರ ಬಿಟ್ಟ ಹೋಗ್ತಿದ್ರಿ. ಅವ್ವನ ತೊಡಿ ಮ್ಯಾಲ ಒಂದ ತಾಸ ಮಲಗಿದ್ರ ಸಾಕಾಗಿತ್ತು ನನಗ."

"ಅವ್ವಗ ಗೊತ್ತಾಗಲಿಲ್ಲೇನ?"

"ತೊಡಿ ಸುಡೂದು ತಾಯಿಗೆ ಗೊತ್ತಾಗದಂಗ ಇರತೈತೇನ? ನನ್ನ ಹಣಿ ಮುಟ್ಟಿದ್ಲು, ಸುಮ್ನಾದ್ಲು. ಅಪ್ಪನ ಮುಂದ ಯಾರೂ ಹೇಳಲಿಲ್ಲ ನೋಡು." ಆಮೇಲೆ ಹೇಳಿದಳು: "ಬರಬ್ಯಾಡ ತಮ್ಮಾ. ನೀ ಮಾಡಿದ್ದು ಬರೋಬ್ಬರಿ ಐತಿ."

ಕಾರ್ತಿಕದಲ್ಲಿ ಅವಳು ತೀರಿಕೊಂಡಳು, ಸೋಂಕಿನಿಂದಲ್ಲ, ವಯಸ್ಸಿನಿಂದ. ಮುಖ ನೋಡಲು ಹೋದೆ. ಆ ದಿನ ನನ್ನನ್ನೂ ಯಾರೂ ತಡೆಯಲಿಲ್ಲ.

ಒಂದು ಸಲ ಸೀಮೆ ತೆರೆದು ಗಂಗವ್ವನನ್ನು ಕಳೆದುಕೊಂಡೆವು. ಒಂದು ಸಲ ಮುಚ್ಚಿಕೊಂಡು ಅಕ್ಕನ ಕೊನೆಯ ಪಂಚಮಿಯನ್ನು ಕಳೆದುಕೊಂಡೆ. ಯಾವುದು ಸರಿಯೆಂದು ಕಿರಿಯರು ಕೇಳಿದರೆ ನನ್ನ ಬಳಿ ಇರುವ ಉತ್ತರ ಇಷ್ಟೇ: ಬಾಗಿಲು ತೆರೆಯುವವನು ಒಳಗೆ ಬರುವವರ ಮಾತನ್ನು ನಂಬಿ ತೆರೆಯುತ್ತಾನೆ. ಪ್ರೀತಿ ಹೆಚ್ಚಿದ್ದಲ್ಲಿಯೇ ಆ ಮಾತು ಸೋಲುತ್ತದೆ. ಹೊಸ್ತಿಲಲ್ಲಿ ನಿಜ ಹೇಳಿ ಹಿಂತಿರುಗುವ ಬಲವಿದ್ದವರಿಗೆ ಮಾತ್ರ ತೆರೆದ ಬಾಗಿಲು ತಕ್ಕುದು. ಗಂಗವ್ವನ ಬಂಕಾಪುರದ ಮಗಳಿಗೆ ಅದು ಇತ್ತು, ನಮಗೆ ಇರಲಿಲ್ಲ.

ಈಗ ಪಂಚಮಿಗೆ ಯಾವ ಅಡ್ಡಿಯೂ ಇಲ್ಲ. ದಾರಿಗಳೆಲ್ಲ ತೆರೆದಿವೆ, ಗಾಡಿಯ ಮೂರು ತಾಸು ಕಾರಿನಲ್ಲಿ ಅರ್ಧ ತಾಸಾಗಿದೆ. ಆದರೆ ತಮ್ಮಾ ಎಂದು ನನ್ನನ್ನು ಕರೆಯುವವರು ಯಾರೂ ಇಲ್ಲ. ನಾನು ಹೋಗಿ ಕರೆತರಬೇಕಾದವರೂ ಇಲ್ಲ.

ಊರಿನ ಮೇಲಿನ ಅಕ್ಕರೆಯಿಂದ ಬೇಡವೆಂದ ಗೌಡರಿಗೆ ಶಾಂತಿಯಿರಲಿ. ಹಿತ್ತಲಿಂದ ಬಂದ ಗಂಗವ್ವನಿಗೆ, ಬಾರದೆ ಉಳಿದ ಅವಳ ಮಗಳಿಗೆ, ನನ್ನ ಮಾತಿಗೆ ಎತ್ತು ಹೂಡಿದ ಫಕೀರಪ್ಪನಿಗೆ ಒಳ್ಳೆಯದಾಗಲಿ. ತಿಳಿದೂ ಸುಮ್ಮನಿದ್ದ ಅವ್ವನಿಗೆ, ತಿಳಿಸದೆ ಬಂದ ಅಕ್ಕನಿಗೆ ಶಿವನು ತಂಪನ್ನು ಕೊಡಲಿ. ನಮ್ಮೆಲ್ಲರ ತಪ್ಪನ್ನು ಒಬ್ಬರೇ ತಮ್ಮದೆಂದು ಹೊತ್ತ ತಂದೆಯವರಿಗೆ, ಅವರಿರುವಲ್ಲಿ, ಯಾರಾದರೂ ನಿಜವನ್ನು ಹೇಳಿರಲಿ.